ನೀನು ಎನ್ನುವ ಹಾಡು

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ಅಕ್ಕನ ಮಗ ಒಂದು ಹಾಡನ್ನು ಕಳುಹಿಸಿ, "ಚಿಕ್ಕಮ್ಮ, ಇದನ್ನು ಕನ್ನಡಕ್ಕೆ ಮಾಡಿಕೊಡು" ಎಂದಿದ್ದ. ಅರಬ್ಬಿ ರ‍್ಯಾಪ್ ಹಾಡು, ತಾಳಕ್ಕೆ ಸರಿಯಾಗಿ ಪ್ರಾಸದ ಮಾತನ್ನು ಆಡುತ್ತ ಹೋಗುವ ಬಗೆಯದು. ನನಗೆ ಅರಬ್ಬಿ ಬಾರದು. ಇಂಗ್ಲಿಷ್ ಅನುವಾದವೊಂದನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೆ. ಟುನೀಶಿಯಾದ ಅಧ್ಯಕ್ಷನನ್ನು ಕರೆದು, ನಿನ್ನ ಜನ ಸತ್ತುಹೋಗಿದ್ದಾರೆ ಎಂದು ಹೇಳುವ ಹಾಡು ಅದು. ನಿನ್ನ ಜನವೋ, ನಿಮ್ಮ ಜನವೋ? ಇಂಗ್ಲಿಷ್ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದರ ಒಂದೇ ಸರ್ವನಾಮದೊಳಗೆ ರಾಜನೂ ಹಿಡಿಸುತ್ತಾನೆ, ಬೆಕ್ಕೂ ಹಿಡಿಸುತ್ತದೆ. ಕನ್ನಡದಲ್ಲಿ ಆ ಅನುಕೂಲವಿಲ್ಲ. ಬಾಯಿ ತೆರೆಯುವ ಮೊದಲೇ ಎದುರಿಗಿರುವವರು ಯಾರು, ಅವರ ಮುಂದೆ ನಾನೆಷ್ಟರವಳು ಎಂಬ ಲೆಕ್ಕ ಮುಗಿದಿರಬೇಕು.

ಕೈ ತಾನಾಗಿ "ನಿಮ್ಮ" ಎಂದೇ ಬರೆಯಿತು. ನಾನು ಇಪ್ಪತ್ತು ವರ್ಷಗಳಿಂದ ಕರಡು ತಿದ್ದುವವಳು. ನಮ್ಮ ಅಚ್ಚಿನ ಲೋಕದಲ್ಲಿ ಸಚಿವರು ಹೇಳುತ್ತಾರೆ, ಆರೋಪಿ ಹೇಳುತ್ತಾನೆ. ನಟರು ನಿಧನರಾಗುತ್ತಾರೆ, ಕೂಲಿಯವನು ಗೋಡೆ ಕುಸಿದು ಸಾಯುತ್ತಾನೆ. ಯಾರೂ ಕುಳಿತು ಮಾಡಿದ ನಿಯಮವಲ್ಲ ಇದು, ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಎರಡೇ ವಾರದಲ್ಲಿ ಕಲಿತುಬಿಡುತ್ತಾರೆ. ಒಮ್ಮೆ ಸತ್ತ ಕೂಲಿಯವನಿಗೆ ನಾನು ಬಹುವಚನ ಹಾಕಿದ್ದೆ. ಮರುದಿನ ಅಚ್ಚಾಗಿ ಬಂದಾಗ ಅವನು ಮತ್ತೆ ಏಕವಚನಕ್ಕೆ ಇಳಿದಿದ್ದ. ಯಾರು ಇಳಿಸಿದರೆಂದು ನಾನು ಕೇಳಲಿಲ್ಲ.

ನನ್ನ ಅನುವಾದ ಓದಿದ ಹುಡುಗ ನಕ್ಕ. "ಇದು ಹಾಡಲ್ಲ ಚಿಕ್ಕಮ್ಮ, ಅರ್ಜಿ. ಮೇಲೆ 'ಮಾನ್ಯರೇ' ಎಂದೊಂದು ಸೇರಿಸಿದರೆ ಮುಗಿಯಿತು." ಒತ್ತಕ್ಷರ ಬದಲಾಯಿಸಿದೆ. ನಿಮ್ಮ ಹೋಗಿ ನಿನ್ನ ಬಂತು. ಅಷ್ಟರಿಂದಲೇ ಹಾಡು ಎದ್ದು ನಿಂತಿತು.

ಆ ಹಾಡನ್ನು ಬರೆದವನು ಸ್ಫಾಕ್ಸ್ ನಗರದ ಹಮಾದಾ ಬೆನ್ ಅಮೋರ್, ರ‍್ಯಾಪ್ ಲೋಕದ ಹೆಸರು ಎಲ್ ಜೆನೆರಾಲ್. ವಯಸ್ಸು ಆಗ ಇಪ್ಪತ್ತೊಂದರ ಆಸುಪಾಸು. ಅವನ ಬೆನ್ನಿಗೆ ಕಂಪನಿಯಿರಲಿಲ್ಲ, ಹಾಡಲು ವೇದಿಕೆಯಿರಲಿಲ್ಲ. 2010ರ ನವೆಂಬರ್ 7ರಂದು ಹಾಡನ್ನು ಫೇಸ್‌ಬುಕ್‌ಗೆ ಏರಿಸಿದ. ದಿನವನ್ನು ಬೇಕೆಂದೇ ಆರಿಸಿರಬೇಕು: 1987ರಲ್ಲಿ ಅದೇ ದಿನ ಅಧ್ಯಕ್ಷ ಬೆನ್ ಅಲಿ ಅಧಿಕಾರ ಹಿಡಿದಿದ್ದ. ಡಿಸೆಂಬರ್ 17ರಂದು ಬೀದಿಬದಿಯ ವ್ಯಾಪಾರಿ ಮೊಹಮದ್ ಬುಅಝೀಝಿ ಮೈಗೆ ಬೆಂಕಿ ಹಚ್ಚಿಕೊಂಡ, ದೇಶ ಬೀದಿಗಿಳಿಯಿತು, ಹಾಡು ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯಿತು. ಜನವರಿ 6ರಂದು ಪೊಲೀಸರು ಮನೆಗೆ ಬಂದು ಹುಡುಗನನ್ನು ಕರೆದೊಯ್ದರು. ಕೆಲವೇ ದಿನಗಳಲ್ಲಿ ಬಿಡಬೇಕಾಯಿತು. ಜನವರಿ 14ಕ್ಕೆ ಅಧ್ಯಕ್ಷನೇ ದೇಶ ಬಿಟ್ಟು ಓಡಿದ್ದ.

ಹಾಡಿನಿಂದ ಸರ್ಕಾರ ಬಿತ್ತು ಎಂದು ನಾನು ಹೇಳುತ್ತಿಲ್ಲ. ಸರ್ಕಾರ ಬಿದ್ದದ್ದು ನಿರುದ್ಯೋಗದಿಂದ, ಲಂಚದಿಂದ, ಗುಂಡಿಗೆ ಎದೆಯೊಡ್ಡಿದವರಿಂದ, ಕಾರ್ಮಿಕ ಸಂಘಗಳಿಂದ. ಇಪ್ಪತ್ತಮೂರು ವರ್ಷ ಅಧ್ಯಕ್ಷನ ಹೆಸರನ್ನು ಗೋಡೆಗೂ ಕೇಳಿಸದಂತೆ ಉಚ್ಚರಿಸುತ್ತಿದ್ದ ಜನ, ಒಬ್ಬ ಹುಡುಗ ಅವನ ಮುಖಕ್ಕೇ ಮಾತಾಡಿದ್ದನ್ನು ಕೇಳಿದರು. ಹಾಡು ಮಾಡಿದ್ದು ಇಷ್ಟು. ಇದು ಸಣ್ಣ ಕೆಲಸವಲ್ಲ, ಆದರೆ ಅದರ ಅಳತೆ ಇಷ್ಟೇ.

ಈ ಬರಹದಲ್ಲಿ ಎಲ್ಲರಿಗೂ ಏಕವಚನ ಹಾಕುತ್ತಿದ್ದೇನೆ, ಅಧ್ಯಕ್ಷನಿಗೂ ರ‍್ಯಾಪರನಿಗೂ. ತಿದ್ದುವವರು ಯಾರೂ ಇಲ್ಲ, ತಿದ್ದಬೇಕಾದವಳು ನಾನೇ.

ರ‍್ಯಾಪ್ ಎಂದರೆ ಮೊದಲು ನನಗೂ ತಲೆನೋವೇ. ಅದರ ಹುಟ್ಟಿನ ಕತೆ ಓದಿದಾಗ ಸ್ವಲ್ಪ ಮೆತ್ತಗಾದೆ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಜ್ವಿಕ್ ಅವೆನ್ಯೂ 1520ನೇ ಸಂಖ್ಯೆಯ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಹೊಂದಿಸಲು ಕಟ್ಟಡದ ಮನರಂಜನಾ ಕೋಣೆಯಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಸಂಗೀತ ಅವಳ ಅಣ್ಣ ಕ್ಲೈವ್‌ನದು, ಜಮೈಕಾದಿಂದ ಬಂದವನು, ಡಿಜೆ ಕೂಲ್ ಹರ್ಕ್ ಎಂಬ ಹೆಸರು ಇಟ್ಟುಕೊಂಡವನು. ಹಾಡುವವರು ಸುಮ್ಮನಾಗಿ ಬರಿಯ ತಾಳ ಉಳಿಯುವ ತುಣುಕು ಬಂದಾಗ ಜನ ಹುಚ್ಚೆದ್ದು ಕುಣಿಯುತ್ತಾರೆಂದು ಅವನು ಗಮನಿಸಿದ್ದ. ಮುಂದೆ ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ಆ ತುಣುಕನ್ನೇ ಮತ್ತೆ ಮತ್ತೆ ತಿರುಗಿಸುವ ವಿದ್ಯೆಯನ್ನು ಕಟ್ಟಿಕೊಂಡ. ಅವನ ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು ಬಂದವರ ಹೆಸರುಗಳನ್ನು ಕೂಗುತ್ತಿದ್ದ. ರ‍್ಯಾಪಿನ ಮೊದಲ ಮಾತುಗಳು ಬಂಡಾಯದವಲ್ಲ. ಅವು ಹೆಸರುಗಳು: ನೀನು ಬಂದಿದ್ದೀಯ, ನಾನು ನಿನ್ನನ್ನು ಕಂಡೆ. ಹೆದ್ದಾರಿಗಾಗಿ ಮನೆಗಳನ್ನು ಕೆಡವಿ, ಉಳಿದ ಮನೆಗಳು ಬೆಂಕಿಗೆ ಆಹುತಿಯಾಗುವುದನ್ನು ನಗರವೇ ನೋಡುತ್ತ ಕುಳಿತಿದ್ದ ಕೇರಿಯಲ್ಲಿ ಅಷ್ಟು ಹೇಳುವವರೂ ಇರಲಿಲ್ಲ.

ಹೆಸರಿನ ಮಾತು ಬಂದಾಗ ನನಗೆ ಮರೆಯಲಾಗದ ಕತೆಯೊಂದಿದೆ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬ ತಂಡದ ಹಾಡು ಬಂತು, ರ‍್ಯಾಪನ್ನು ಜಗತ್ತಿಗೆ ಪರಿಚಯಿಸಿದ ಮೊದಲ ದೊಡ್ಡ ಹಾಡು. ಸಿಲ್ವಿಯಾ ರಾಬಿನ್ಸನ್ ಎಂಬ ನಿರ್ಮಾಪಕಿ ಮೂವರನ್ನು ಕೂಡಿಸಿ ಮಾಡಿದ ತಂಡ ಅದು. ಅವರಲ್ಲೊಬ್ಬ ಬಿಗ್ ಬ್ಯಾಂಕ್ ಹ್ಯಾಂಕ್, ಪೀಟ್ಸಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್‌ನ ಸಾಲುಗಳನ್ನು ಅವನು ಎತ್ತಿಕೊಂಡು ಹಾಡಿಬಿಟ್ಟ. ಎತ್ತಿಕೊಳ್ಳುವ ಅವಸರದಲ್ಲಿ ಒಂದನ್ನು ತಿದ್ದಲಿಲ್ಲ. ಕ್ಯಾಝ್ ತನ್ನ ಹಳೆಯ ಹೆಸರು ಕ್ಯಾಸನೋವಾ ಫ್ಲೈ ಎಂಬುದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಸಾಲು ಹಾಗೆಯೇ ಉಳಿದುಹೋಯಿತು. ಹಾಡು ಲಕ್ಷಾಂತರ ಮಾರಾಟವಾಯಿತು. ಕ್ಯಾಝ್‌ಗೆ ಹೆಸರೂ ಸಿಗಲಿಲ್ಲ, ಹಣವೂ ಸಿಗಲಿಲ್ಲ. ಆದರೆ ಇಂದಿಗೂ ಆ ಹಾಡು ಎಲ್ಲೇ ಮೊಳಗಿದರೂ ಕದ್ದವನ ಬಾಯಿ ಮಾಲೀಕನ ಹೆಸರನ್ನು ಕಾಗುಣಿತ ಸಮೇತ ಒಪ್ಪಿಸುತ್ತದೆ. ಕರಡು ತಿದ್ದುವವಳಾಗಿ ಇಷ್ಟು ಚಂದದ ತಪ್ಪನ್ನು ನಾನು ಇನ್ನೊಂದು ಕಂಡಿಲ್ಲ.

ಸ್ವತಂತ್ರ ರ‍್ಯಾಪ್ ಎಂಬ ಮಾತನ್ನು ನಾನು ಅರ್ಥಮಾಡಿಕೊಳ್ಳುವುದು ಇಲ್ಲಿಂದ. ಸ್ವಂತ ಸ್ಟುಡಿಯೊ, ಸ್ವಂತ ಲೇಬಲ್ (ಹಾಡು ಹೊರತರುವ ಕಂಪನಿ) ಎಲ್ಲ ಆಮೇಲಿನ ಮಾತು. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಕರಡಿನ ಮೇಲೆ ಕೆಂಪು ಶಾಯಿ ಹಿಡಿದವರು ಯಾರು ಎಂಬುದೊಂದೇ ಪ್ರಶ್ನೆ. ಹೆಸರನ್ನು ಹೊಡೆದು "ಸಂಬಂಧಪಟ್ಟವರು" ಎಂದು ಬರೆಯುವ ಅಧಿಕಾರ ಯಾರಿಗಿದೆ?

1989ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಅಧಿಕಾರಿಯೊಬ್ಬ ಪ್ರಯಾರಿಟಿ ಎಂಬ ಸಣ್ಣ ಧ್ವನಿಮುದ್ರಣ ಕಂಪನಿಗೆ ಪತ್ರ ಬರೆದ. ಕ್ಯಾಲಿಫೋರ್ನಿಯಾದ ಕಾಂಪ್ಟನ್ ಊರಿನ ಎನ್‌.ಡಬ್ಲ್ಯು.ಎ. ತಂಡ ಪೊಲೀಸರ ವಿರುದ್ಧ ಮಾಡಿದ ಹಾಡು ಹಿಂಸೆಗೆ ಪ್ರಚೋದನೆ ಎಂಬ ಆಕ್ಷೇಪ ಅದರಲ್ಲಿತ್ತು. ಸಣ್ಣ ಕಂಪನಿ ಹಾಡನ್ನು ಹಿಂತೆಗೆದುಕೊಳ್ಳಲಿಲ್ಲ. ಪತ್ರವೇ ಹಾಡಿಗೆ ಜಾಹೀರಾತಾಯಿತು. ಮೂರು ವರ್ಷಗಳ ಬಳಿಕ, 1992ರಲ್ಲಿ, ಐಸ್-ಟಿಯ ತಂಡ ಪೊಲೀಸರ ಮೇಲೆಯೇ ಇನ್ನೊಂದು ಹಾಡು ಮಾಡಿತು. (ರಾಗದಲ್ಲಿ ಅದು ರ‍್ಯಾಪ್ ಅಲ್ಲ, ಮೆಟಲ್ ಎಂಬ ಅಬ್ಬರದ ರಾಕ್, ಹಾಡಿದವನು ರ‍್ಯಾಪರ್.) ಈ ಬಾರಿ ಕಂಪನಿ ದೈತ್ಯ ವಾರ್ನರ್. ಪೊಲೀಸ್ ಸಂಘಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು, ಷೇರುದಾರರ ಸಭೆಯಲ್ಲಿ ಗದ್ದಲವಾಯಿತು. ಕೊನೆಗೆ ಐಸ್-ಟಿ ತಾನೇ ಹಾಡನ್ನು ಆಲ್ಬಮ್ಮಿನಿಂದ ತೆಗೆದ. ಮರುವರ್ಷ ಮುಂದಿನ ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕೆ ವಾರ್ನರ್ ಒಪ್ಪದೆ ಇಬ್ಬರ ದಾರಿ ಬೇರೆಯಾಯಿತು. ಅವನು ಹೋಗಿ ಸೇರಿದ್ದು ಅದೇ ಪ್ರಯಾರಿಟಿಯನ್ನು. ಕಳೆದುಕೊಳ್ಳಲು ಹೆಚ್ಚಿರುವವನ ಕೈಯಲ್ಲಿ ಕೆಂಪು ಶಾಯಿ ಬೇಗ ಹರಿಯುತ್ತದೆ. ಅದಕ್ಕೆ ಯಾರೂ ದುಷ್ಟರಾಗಬೇಕಿಲ್ಲ.

ಹಾಗೆಂದು ಕಂಪನಿಯೊಳಗಿದ್ದವರೆಲ್ಲ ಬಾಯಿ ಕಟ್ಟಿಕೊಂಡವರು ಎಂದರೆ ಸುಳ್ಳಾಗುತ್ತದೆ. ಅಮೆರಿಕದ ಕೆಂಡ್ರಿಕ್ ಲಾಮಾರ್ ದೊಡ್ಡ ಲೇಬಲ್ಲಿನವನೇ. 2015ರಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದವರು ಘೋಷಣೆಯಾಗಿ ಕೂಗಿದ್ದು ಅವನ ಹಾಡಿನ ಪಲ್ಲವಿಯನ್ನು. ಇನ್ನು ಸ್ವತಂತ್ರನೆಂದು ಎದೆ ತಟ್ಟಿಕೊಂಡ ಚಾನ್ಸ್ ದ ರ‍್ಯಾಪರ್, ಮಾರಾಟಕ್ಕೇ ಇಡದೆ ಅಂತರ್ಜಾಲದಲ್ಲಿ ಮಾತ್ರ ಕೇಳಲು ಬಿಟ್ಟ ಹಾಡುಗಳಿಗೆ 2017ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದ. ಅದಾಗಿ ಕೆಲವೇ ವಾರಗಳಲ್ಲಿ ಅವನೇ ಬಾಯಿಬಿಟ್ಟ: ಎರಡು ವಾರ ಹಾಡುಗಳು ತನ್ನಲ್ಲಿ ಮಾತ್ರ ಇರಲೆಂದು ಆಪಲ್ ಐದು ಲಕ್ಷ ಡಾಲರ್ ಕೊಟ್ಟಿತ್ತು. ಲೇಬಲ್ ಇರಲಿಲ್ಲ ನಿಜ, ಧಣಿ ಇರಲಿಲ್ಲವೇ? ಈಗ ಹಾಡನ್ನು ಯಾರ ಕಿವಿಗೆ ಮುಟ್ಟಿಸಬೇಕೆಂದು ನಿರ್ಧರಿಸುವುದು ಕಣ್ಣಿಗೆ ಕಾಣದ ಗಣಕದ ಲೆಕ್ಕಾಚಾರ. ಅದು ಹೆಸರನ್ನು ಹೊಡೆದುಹಾಕುವುದಿಲ್ಲ. ಹೆಸರಿರುವ ಹಾಡನ್ನು ಸುಮ್ಮನೆ ಕೆಳಗೆ ತಳ್ಳುತ್ತದೆ. ಕೆಂಪು ಶಾಯಿಯಾದರೆ ಕಣ್ಣಿಗಾದರೂ ಕಾಣುತ್ತಿತ್ತು.

ಕಸುಬಿನ ಮಾತು ಇನ್ನೊಂದು. ರ‍್ಯಾಪಿನಲ್ಲಿ ಒಂದು ಪದ್ಯಕ್ಕೆ ಸಾಮಾನ್ಯವಾಗಿ ಹದಿನಾರು ಆವರ್ತ, ಪ್ರತಿ ಆವರ್ತಕ್ಕೆ ನಾಲ್ಕು ಪೆಟ್ಟು. ನಿಮಿಷಕ್ಕೆ ತೊಂಬತ್ತು ಪೆಟ್ಟಿನ ನಡೆಯಾದರೆ ಇಡೀ ಪದ್ಯ 43 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಹೇಳುವುದನ್ನೆಲ್ಲ ಹೇಳಬೇಕು, ಪ್ರಾಸವೂ ಕೂಡಬೇಕು. ಇಂಗ್ಲಿಷಿನವರು ಸಾಲಿನ ಕೊನೆಯ ಪ್ರಾಸಕ್ಕೆ ಬೆವರು ಸುರಿಸುತ್ತಾರೆ. ಕನ್ನಡದಲ್ಲಿ ಅದು ಪುಕ್ಕಟೆ. ವಾಕ್ಯ ಮುಗಿಯುವುದೇ ಕ್ರಿಯಾಪದದಲ್ಲಿ. ನೋಡುತ್ತೇನೆ, ಹಾಡುತ್ತೇನೆ, ಓಡುತ್ತೇನೆ ಎಂದು ಬೇಕಾದಷ್ಟು ಸಾಲು ಪೇರಿಸಬಹುದು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯೂ ಇಲ್ಲ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರಕ್ಕೆ ಕಟ್ಟಿಹಾಕಿದ್ದು ಇದಕ್ಕೇ ಇರಬೇಕೆಂದು ನನ್ನ ಗುಮಾನಿ. ಅಕ್ಕನ ಮಗನಿಗೆ ಆದಿಪ್ರಾಸ ಕಲಿಸಿದ್ದು ನಾನು. ಲಘು ಗುರು ಹಾಕುವುದನ್ನೂ ಕಲಿಸಿದೆ. ಅವನು ಮೊದಲು ಕಂಡುಹಿಡಿದದ್ದೇನು ಗೊತ್ತೇ? "ನೀನು" ಎಂದರೂ ಮೂರು ಮಾತ್ರೆ, "ನೀವು" ಎಂದರೂ ಮೂರು ಮಾತ್ರೆ. ಮಾಡುತ್ತೀಯ ಎಂದರೂ ಏಳು, ಮಾಡುತ್ತೀರಿ ಎಂದರೂ ಏಳು. "ಹಾಗಾದರೆ ಛಂದಸ್ಸಿಗಾಗಿ ಬಹುವಚನ ಹಾಕಿದೆ ಎಂದು ಯಾರೂ ನೆಪ ಹೇಳುವಂತಿಲ್ಲ" ಎಂದ.

ಮೇಲಿದ್ದವರಿಗೆ "ನೀನು" ಎಂದುಬಿಟ್ಟರೆ ಅಲ್ಲಿಗೆ ಕೆಲಸ ಮುಗಿಯಿತೇ? ಸೆನೆಗಲ್ಲಿನ ಉದಾಹರಣೆ ನನಗೆ ಇಷ್ಟವಾಗುವುದು ಅಲ್ಲಿಯವರು ಮುಂದಿನ ಹೆಜ್ಜೆ ಇಟ್ಟರು ಎಂಬ ಕಾರಣಕ್ಕೆ. ಕಾವೊಲಾಕ್ ಪಟ್ಟಣದ ಕ್ಯೂರ್ ಗಿ ತಂಡದ ತಿಯಾಟ್ ಮತ್ತು ಕಿಲಿಫೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ತಮ್ಮೂರಿನ ಮೇಯರನ ಮೇಲೆ ಹಾಡಿ ಬಂಧನ ಕಂಡವರು. 2011ರ ಜನವರಿಯಲ್ಲಿ ಇವರೂ ಪತ್ರಕರ್ತ ಫಾದೆಲ್ ಬಾರೊ ಮತ್ತಿತರ ಗೆಳೆಯರೂ ಡಕಾರಿನಲ್ಲಿ ಕೂಡಿ ಒಂದು ಚಳವಳಿ ಶುರುಮಾಡಿದರು. ಅದಕ್ಕಿಟ್ಟ ಹೆಸರು "ಯಾನ್ ಅ ಮಾರ್", ಫ್ರೆಂಚಿನಲ್ಲಿ ಸಾಕಾಗಿಹೋಗಿದೆ ಎಂದರ್ಥ. ಅದೇ ಜೂನ್‌ನಲ್ಲಿ ಅಧ್ಯಕ್ಷ ಅಬ್ದುಲಾಯ್ ವಾದ್ ಮೊದಲ ಸುತ್ತಿನಲ್ಲಿ ಶೇಕಡಾ 25 ಮತ ಬಿದ್ದರೂ ಗೆಲುವು ಎಂದು ಸಂವಿಧಾನ ತಿದ್ದಲು ಹೊರಟ. 23ರಂದು ಸಂಸತ್ತಿನ ಸುತ್ತ ಜನ ನೆರೆದರು. ಸಂಜೆಯೊಳಗೆ ತಿದ್ದುಪಡಿ ವಾಪಸಾಯಿತು. ರ‍್ಯಾಪರುಗಳು ಆಮೇಲೆ ಕೈಗೆತ್ತಿಕೊಂಡದ್ದು ತೀರಾ ನೀರಸವಾದ ಕೆಲಸ: ಯುವಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವುದು. 2012ರ ಮಾರ್ಚ್‌ನಲ್ಲಿ ವಾದ್ ಸೋತ.

ಅವರ ಇನ್ನೊಂದು ಘೋಷಣೆ "ಹೊಸ ಬಗೆಯ ಸೆನೆಗಲಿಗ" ಎಂಬುದು. ಅಧ್ಯಕ್ಷನಿಗೆ ಹೇಳಿದ ಏಕವಚನವನ್ನೇ ಕೇಳುಗನತ್ತಲೂ ತಿರುಗಿಸಿದರು. ನೀನು ಲಂಚ ಕೊಡುವುದನ್ನು ಬಿಟ್ಟೆಯಾ? ಬೀದಿಯಲ್ಲಿ ಕಸ ಎಸೆಯುವುದನ್ನು ಬಿಟ್ಟೆಯಾ? ಚಪ್ಪಾಳೆ ತಟ್ಟಲು ಬಂದವನಿಗೆ ಹೀಗೆ ಕೇಳುವುದು ಅಧ್ಯಕ್ಷನಿಗೆ ಕೇಳುವುದಕ್ಕಿಂತ ಕಷ್ಟ. ಅದೇ ದೇಶದಲ್ಲಿ 2013ರಿಂದ ಖುಮಾನ್ ಮತ್ತು ಕೇತಿ ಎಂಬಿಬ್ಬರು ವಾರದ ಸುದ್ದಿಯನ್ನೇ ರ‍್ಯಾಪಿನಲ್ಲಿ ಓದತೊಡಗಿದರು, ಒಬ್ಬ ಫ್ರೆಂಚಿನಲ್ಲಿ, ಇನ್ನೊಬ್ಬ ವೊಲೊಫ್ ಭಾಷೆಯಲ್ಲಿ. ಆ ಸುದ್ದಿಮನೆಯಲ್ಲಿ ಒಂದು ವಾರ ಕೂತು ಬರಬೇಕೆಂಬುದು ನನ್ನ ಆಸೆ. ಸತ್ತ ಕೂಲಿಯವನ ಸುದ್ದಿಯನ್ನು ಅವರು ಹೇಗೆ ಓದುತ್ತಾರೆಂದು ನೋಡಬೇಕು.

"ನೀನು" ಎಂದದ್ದಕ್ಕೆ ತೆರುವ ಬೆಲೆಯೂ ಒಂದೊಂದು ಕಡೆ ಒಂದೊಂದು. ಟುನೀಶಿಯಾದಲ್ಲಿ ಅಧ್ಯಕ್ಷ ಓಡಿದ ಎರಡೇ ವರ್ಷಗಳಲ್ಲಿ, 2013ರಲ್ಲಿ, ಪೊಲೀಸರನ್ನು ನಾಯಿಗಳೆಂದು ಹಾಡಿದ ಇನ್ನೊಬ್ಬ ರ‍್ಯಾಪರನಿಗೆ ಎರಡು ವರ್ಷ ಸಜೆಯಾಯಿತು. ಮೇಲ್ಮನವಿಯಲ್ಲಿ ಅದು ಆರು ತಿಂಗಳಿಗೆ ಇಳಿದು ಅಮಾನತಾಯಿತು. ಇರಾನಿನ ರ‍್ಯಾಪರ್ ತೂಮಾಜ್ ಸಾಲೇಹಿ ಕಸುಬಿನಲ್ಲಿ ಲೋಹದ ಕೆಲಸಗಾರ. 2022ರ ಪ್ರತಿಭಟನೆಗಳ ಜೊತೆ ನಿಂತದ್ದಕ್ಕೆ ಸೆರೆಯಾದ. 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಮರಣದಂಡನೆ ಹೇಳಿತು, ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು, ಡಿಸೆಂಬರ್‌ನಲ್ಲಿ ಹೊರಬಂದ.

ಸ್ಪೇನಿನ ಕತೆ ಇನ್ನೂ ವಿಚಿತ್ರ. ಮಯೋರ್ಕಾ ದ್ವೀಪದ ವಲ್ತೋನಿಕ್ ತನ್ನ ಹಾಡುಗಳಲ್ಲಿ ರಾಜನನ್ನು ಬೈದದ್ದೂ ಸೇರಿ ಹಲವು ಆರೋಪಗಳಿಗೆ ಮೂರೂವರೆ ವರ್ಷ ಸಜೆಗೆ ಗುರಿಯಾದ. 2018ರಲ್ಲಿ ಜೈಲಿಗೆ ಹೋಗಬೇಕಾದ ದಿನ ಬೆಲ್ಜಿಯಂನಲ್ಲಿದ್ದ. ಅವನನ್ನು ಒಪ್ಪಿಸಬೇಕೋ ಬೇಡವೋ ಎಂದು ಬೆಲ್ಜಿಯಂನ ನ್ಯಾಯಾಲಯಗಳು ವರ್ಷಗಟ್ಟಲೆ ಚರ್ಚಿಸಿದವು. ರಾಜನನ್ನು ಬೈಯುವುದು ನಮ್ಮಲ್ಲೂ ಅಪರಾಧವೇ ಎಂದು ಹುಡುಕುತ್ತ ಹೋದಾಗ 1847ರ ಕಾನೂನೊಂದು ಧೂಳಿನಡಿಯಿಂದ ಎದ್ದು ಬಂತು. 2021ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಸಂವಿಧಾನ ನ್ಯಾಯಾಲಯ ಆ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಸ್ಪೇನಿನ ರಾಜನಿಗೆ ಎಸೆದ ಕಲ್ಲು ಬೆಲ್ಜಿಯಂ ರಾಜನ ಬೇಲಿಯನ್ನು ಕೆಡವಿತು. ರ‍್ಯಾಪಿನಿಂದ ಕಾನೂನು ಬದಲಾದದ್ದನ್ನು ತೋರಿಸು ಎಂದು ಯಾರಾದರೂ ಕೇಳಿದರೆ ನಾನು ಇದನ್ನು ತೋರಿಸುತ್ತೇನೆ, ಮತ್ತು ಇದು ಯಾರ ಯೋಜನೆಯೂ ಆಗಿರಲಿಲ್ಲ ಎಂದು ಸೇರಿಸುತ್ತೇನೆ.

"ನೀನು" ಮಾತ್ರವಲ್ಲ, "ನಾನು" ಕೂಡ ಅಪಾಯದ್ದೇ. ಕಾದಂಬರಿಯ "ನಾನು" ಕೊಲೆ ಮಾಡಿದರೆ ಲೇಖಕನನ್ನು ಯಾರೂ ಹಿಡಿಯುವುದಿಲ್ಲ. ರ‍್ಯಾಪರನ "ನಾನು" ತಪ್ಪೊಪ್ಪಿಗೆಯಾಗುತ್ತದೆ. ಅಮೆರಿಕದ ಲೂಯಿಸಿಯಾನಾದಲ್ಲಿ ಮ್ಯಾಕ್ ಫಿಪ್ಸ್ ಎಂಬ ರ‍್ಯಾಪರನ ಮೇಲಿನ ಕೊಲೆ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲ ಅವನ ಎರಡು ಬೇರೆ ಬೇರೆ ಹಾಡುಗಳ ಸಾಲುಗಳನ್ನು ಒಂದಕ್ಕೊಂದು ಹೊಲಿದು ಜ್ಯೂರಿಯ ಮುಂದೆ ಓದಿದ. ಗುಂಡು ಹಾರಿಸಿದ್ದು ನಾನು ಎಂದು ಬೇರೊಬ್ಬ ಹೇಳಿದ್ದರೂ 2001ರಲ್ಲಿ ಫಿಪ್ಸ್‌ಗೆ 30 ವರ್ಷ ಶಿಕ್ಷೆಯಾಯಿತು. ಪೆರೋಲ್ ಸಿಕ್ಕಿದ್ದು 2021ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಕಲಾಕೃತಿಯ ಸಾಲುಗಳನ್ನು ಸಾಕ್ಷ್ಯವಾಗಿ ಒಪ್ಪುವ ಮೊದಲು ಅದರಿಂದ ಹುಟ್ಟುವ ಪೂರ್ವಗ್ರಹವನ್ನು ನ್ಯಾಯಾಧೀಶರು ತೂಗಬೇಕೆಂದಿತು. ಎರಡು ಕಡೆಯ ಸಾಲನ್ನು ಕತ್ತರಿಸಿ ಜೋಡಿಸಿ ಹೊಸ ಅರ್ಥ ಬರಿಸುವುದನ್ನು ನಮ್ಮ ಕಸುಬಿನಲ್ಲಿ ಮಹಾಪರಾಧ ಎನ್ನುತ್ತಾರೆ. ಅಲ್ಲಿ ಅದು ವಾದ ಎನಿಸಿಕೊಂಡಿತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನೂ ಹೇಳಬೇಕು. ಏಕವಚನ ಮೇಲಕ್ಕೆ ಹೋದಾಗ ಧೈರ್ಯ. ಕೆಳಕ್ಕೆ ಹೋದಾಗ ಅದು ಧಣಿಯ ಹಳೆಯ ಚಾಳಿ. ರಾಜನನ್ನು ಹೆಸರು ಹಿಡಿದು ಕರೆದ ಬಾಯಿಯೇ ಮುಂದಿನ ಸಾಲಿನಲ್ಲಿ ಹೆಂಗಸರನ್ನು ಕರೆಯುವ ರೀತಿ ಕೇಳಿ ನಾನು ಎಷ್ಟೋ ಹಾಡುಗಳನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆ. "ಅದು ಆ ಶೈಲಿಯ ಭಾಷೆ ಚಿಕ್ಕಮ್ಮ" ಎನ್ನುತ್ತಾನೆ ಹುಡುಗ. ಯಾವ ಧಣಿ ತಾನೇ ತನ್ನ ಭಾಷೆಯನ್ನು ಶೈಲಿ ಎನ್ನಲಿಲ್ಲ? ಉತ್ತರ ಕೊಟ್ಟ ಹೆಂಗಸರೂ ಒಳಗಿನವರೇ ಎಂಬುದು ಸಮಾಧಾನ. 1984ರಲ್ಲಿ ರಾಕ್ಸಾನ್ ಶಾಂಟೆ ಹದಿನಾಲ್ಕನೆಯ ವಯಸ್ಸಿಗೆ ಗಂಡಸರ ಹಾಡಿಗೆ ಎದುರುಹಾಡು ಕಟ್ಟಿ ಅವರ ನೀರಿಳಿಸಿದಳು. 1993ರಲ್ಲಿ ಕ್ವೀನ್ ಲತೀಫಾ, ಯಾರನ್ನು ಹಾಗೆ ಕರೆಯುತ್ತಿದ್ದೀಯ ಎಂದು ನೇರವಾಗಿ ಕೇಳಿದಳು.

ಕನ್ನಡದ ಏಕವಚನ ತಿರಸ್ಕಾರಕ್ಕೆ ಮಾತ್ರ ಮೀಸಲಲ್ಲ ಎಂಬುದೂ ನನಗೆ ತಡವಾಗಿ ಹೊಳೆಯಿತು. ದೇವರಿಗೆ ಏಕವಚನ. ಮಗುವಿಗೆ ಏಕವಚನ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು. ಸೋನಿತಾ ಅಲಿಝಾದೆಯ ಹಾಡು ಕೇಳುವಾಗ ನನಗೆ ಕೇಳಿಸುವುದು ಈ ಎರಡನೆಯ ನೀನು. ಅವಳು ಇರಾನಿಗೆ ವಲಸೆ ಬಂದಿದ್ದ ಅಫ್ಘನ್ ಹುಡುಗಿ. ಅಣ್ಣನ ಮದುವೆಗೆ ತೆರ ಹೊಂದಿಸಲು ಅವಳನ್ನು 9,000 ಡಾಲರಿಗೆ ಮದುವೆ ಮಾಡಿಕೊಡುವ ಮಾತಾಗಿತ್ತು. ಅವಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ನಿರ್ದೇಶಕಿ 2,000 ಡಾಲರ್ ಕೊಟ್ಟು ಆರು ತಿಂಗಳ ಗಡುವು ಪಡೆದಳು. ಹೆಣ್ಣು ಒಬ್ಬಳೇ ಬಹಿರಂಗವಾಗಿ ಹಾಡಲಾಗದ ದೇಶದಲ್ಲಿ ಕುಳಿತು ಸೋನಿತಾ ಹಾಡು ಮಾಡಿದಳು, ಹಣೆಯ ಮೇಲೆ ಅಂಗಡಿಯ ಸರಕಿಗೆ ಅಂಟಿಸುವ ಬಾರ್‌ಕೋಡ್ ಬರೆದುಕೊಂಡು, ಮದುವಣಗಿತ್ತಿಯ ಉಡುಪಿನಲ್ಲಿ. ಆ ಹಾಡು ಅವಳಿಗೆ ಅಮೆರಿಕದ ಶಾಲೆಯೊಂದರ ದಾರಿ ತೆರೆಯಿತು. ಅದರಲ್ಲಿ ಮನೆಯವರ ಮೇಲೆ ಶಾಪವಿಲ್ಲ. ನೀನು ನನ್ನ ತಾಯಿ, ಹಾಗಾಗಿ ನಿನಗೇ ಹೇಳುತ್ತಿದ್ದೇನೆ ಎಂಬ ದನಿಯಿದೆ. ನಿರ್ದೇಶಕಿ ಹಣ ಕೊಟ್ಟದ್ದು ಸರಿಯೇ ಎಂದು ಸಿನಿಮಾದವರು ಇನ್ನೂ ವಾದಿಸುತ್ತಾರೆ. ವಾದಿಸಲಿ.

ಬೇರೆಯವರ ಪರವಾಗಿ ಹಾಡಿದಾಗ ಏನಾಗುತ್ತದೆ ಎಂಬುದಕ್ಕೆ ಕೊಡೈಕನಾಲ್ ಇದೆ. ಅಲ್ಲಿದ್ದ ಯೂನಿಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಮಾಲಿನ್ಯದ ಕಾರಣಕ್ಕೆ 2001ರಲ್ಲಿ ಮುಚ್ಚಿತು. ಕಾರ್ಮಿಕರು ಅಂದಿನಿಂದ ಹೋರಾಡುತ್ತಲೇ ಇದ್ದರು. 2015ರ ಜುಲೈನಲ್ಲಿ ರ‍್ಯಾಪರ್ ಸೋಫಿಯಾ ಅಶ್ರಫ್ ಜನಪ್ರಿಯ ಅಮೆರಿಕನ್ ಹಾಡಿನ ಮಟ್ಟು ಎರವಲು ಪಡೆದು ಯೂನಿಲಿವರ್ ಕಂಪನಿಯನ್ನು ಹೆಸರು ಹಿಡಿದು ಕರೆದಳು. ದಿನಗಳಲ್ಲಿ ಲಕ್ಷಾಂತರ ಜನ ನೋಡಿದರು, ಕಂಪನಿಯ ಮುಖ್ಯಸ್ಥನೇ ಟ್ವಿಟರ್‌ನಲ್ಲಿ ಉತ್ತರಿಸಬೇಕಾಯಿತು. 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದವಾಯಿತು. ಹದಿನೈದು ವರ್ಷ ಕಾಗದ ಹೊತ್ತು ಓಡಾಡಿದವರು ಕಾರ್ಮಿಕರು, ಕೊನೆಯ ಎಂಟು ತಿಂಗಳಿಗೆ ಗಾಳಿ ಊದಿದ್ದು ಹಾಡು. ಸೋಫಿಯಾ ಆ ಕಾರ್ಖಾನೆಯಲ್ಲಿ ದುಡಿದವಳಲ್ಲ. ಕಾರ್ಮಿಕರೂ ಅವರ ಜೊತೆಗಿದ್ದ ಸಂಘಟನೆಗಳೂ ನಡೆಸುತ್ತಿದ್ದ ಹೋರಾಟಕ್ಕೆ ಅವಳು ಬಾಯಿ ಕೊಟ್ಟಳು, ಮತ್ತು ವಿಡಿಯೊದ ಕೊನೆಯಲ್ಲಿ ಸಹಿ ಸಂಗ್ರಹದ ಮನವಿಯೂ ಇತ್ತು. ಆ ಮನವಿಯೇ ಹಾಡಿನ ಅರ್ಧ ಕೆಲಸ ಮಾಡಿತೆಂದು ನನಗನಿಸುತ್ತದೆ.

ಇದನ್ನೆಲ್ಲ ನಾನು ಓದುತ್ತಿದ್ದದ್ದು ಅಕ್ಕನ ಮಗ ಕಾಲೇಜಿನಲ್ಲಿ ಸಿಕ್ಕಿಬಿದ್ದಿದ್ದ ಕಾರಣಕ್ಕೆ. ಅವನ ತರಗತಿ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಎರಡು ವರ್ಷದಿಂದ ಕೆಟ್ಟು ನಿಂತಿತ್ತು. ಸಹಪಾಠಿಯೊಬ್ಬಳು ಊರುಗೋಲಿನಲ್ಲಿ ನಡೆಯುವವಳು. ಕಾಲೇಜು ದಿನಾಚರಣೆಗೆ ಇವನು ಪ್ರಾಂಶುಪಾಲನನ್ನು ಉದ್ದೇಶಿಸಿ ಹದಿನಾರು ಆವರ್ತದ ಪದ್ಯ ಬರೆದ. ಆಯ್ಕೆ ಸಮಿತಿ ಕರೆಯಿತು. ಆಶ್ಚರ್ಯವೆಂದರೆ ದೂರಿನ ಬಗ್ಗೆ ಅವರ ತಕರಾರಿರಲಿಲ್ಲ. ಲಿಫ್ಟ್ ಕೆಟ್ಟಿರುವುದು ಎಲ್ಲರಿಗೂ ಗೊತ್ತು, ಹಾಡು ಎಂದರು. "ಆದರೆ ಪ್ರಾಂಶುಪಾಲರಿಗೆ ನೀನು ಎನ್ನುವುದೇ? ನೀವು ಎಂದು ಮಾಡು, ಮಾತ್ರೆ ಸರಿಹೋಗುತ್ತದೆ" ಎಂದರಂತೆ. ಛಂದಸ್ಸು ಬಲ್ಲವರೊಬ್ಬರು ಸಮಿತಿಯಲ್ಲಿದ್ದರು.

ಆ ರಾತ್ರಿ ಅವನು ನನಗೆ ಫೋನ್ ಮಾಡಿದ. ನಾನು ಹೇಳಿದ್ದು ಒಂದೇ: ಲಿಫ್ಟಿಗೆ ಬಹುವಚನ ಹಾಕಬೇಕೆಂದು ಯಾವ ಸಮಿತಿಯೂ ಹೇಳುವುದಿಲ್ಲ. ವೇದಿಕೆಯ ಮೇಲೆ ಅವನು ಹಾಡಿದ್ದು ಹೀಗೆ:

ಎರಡು ವರ್ಷ ಬಾಯಿ ಮುಚ್ಚಿ ನಿಂತೆ, ಏನು ನಿನ್ನ ಗತ್ತು!
ಬೆರಳು ಸವೆದರೂ ಒತ್ತಿ ಒತ್ತಿ, ಬಾರದೆ ನಿನಗೆ ಹೊತ್ತು?
ಕರೆದರಿಳಿಯೆ, ಬೈದರಿಳಿಯೆ, ಮೇಲೆ ಕುಳಿತೆ ಯಾಕೆ?
ಬರೆದ ಅರ್ಜಿ ಏಳು ಉಂಟು, ಓದು ಬಾರದೇಕೆ?

ಸಭಾಂಗಣ ಉರುಳಾಡಿ ನಕ್ಕಿತಂತೆ. ಮೊದಲ ಸಾಲಿನಲ್ಲಿ ಕುಳಿತವರೂ ನಕ್ಕರಂತೆ. ಲಿಫ್ಟ್ ಎಂಟು ತಿಂಗಳ ನಂತರ ದುರಸ್ತಿಯಾಯಿತು. ವಾರ್ಷಿಕ ನಿರ್ವಹಣೆ ಎಂದು ಫಲಕ ಹಾಕಿದ್ದರು. ಹಾಡಿನಿಂದಲೇ ಆಯಿತೆಂದು ಅವನು ನಂಬಿದ್ದಾನೆ, ನಾನು ಆ ನಂಬಿಕೆಯನ್ನು ತಿದ್ದಲು ಹೋಗಿಲ್ಲ.

ಆದರೆ ಕಾರ್ಯಕ್ರಮದ ಮರುದಿನ ಆ ಹುಡುಗಿ ಇವನ ಜೊತೆ ಮಾತು ಬಿಟ್ಟಳು. ಹಾಡಿನ ಎರಡನೆಯ ಪದ್ಯದಲ್ಲಿ ಅವಳ ಹೆಸರಿತ್ತು. ಅವಳು ಮೆಟ್ಟಿಲು ಹತ್ತುವ ಪಾಡನ್ನು ಇವನು ಅಭಿನಯಿಸಿ ತೋರಿಸಿದ್ದ. ನನಗೂ ಅದು ಮೊದಲು ಗೊತ್ತಿರಲಿಲ್ಲ; ಗೊತ್ತಿದ್ದರೂ ಚಪ್ಪಾಳೆಯ ಸದ್ದಿನಲ್ಲಿ ನಾನು ಏನಾದರೂ ಹೇಳುತ್ತಿದ್ದೆನೋ ಇಲ್ಲವೋ. ಮೂರು ವಾರ ಕಳೆದ ಮೇಲೆ ಅವಳು ಇವನಿಗೊಂದು ಧ್ವನಿಮುದ್ರಿಕೆ ಕಳುಹಿಸಿದಳು. ತಾಳಕ್ಕೆ ಮೇಜು ಕುಟ್ಟಿದ ಸದ್ದು, ಎಂಟೇ ಸಾಲು. ಲಿಫ್ಟನ್ನು ಅವಳು ಬೈದಿಲ್ಲ. ಪ್ರಾಂಶುಪಾಲನ ಮಾತೂ ಇಲ್ಲ. ಎಂಟೂ ಸಾಲು ಇವನಿಗೇ. ಅದರಲ್ಲಿ ಒಂದು ಹೀಗಿದೆ: "ಮೆಟ್ಟಿಲು ಎಣಿಸಿದ್ದು ನಾನು, ಚಪ್ಪಾಳೆ ಎಣಿಸಿದ್ದು ನೀನು."

ಅವನು ಅದನ್ನು ನನಗೆ ಕೇಳಿಸಿದ. ಇದು ನನ್ನ ಹಾಡಿಗಿಂತ ಎಷ್ಟೋ ಚೆನ್ನಾಗಿದೆ ಎಂದ, ನಿಜವಾಗಿಯೇ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು, "ಚಿಕ್ಕಮ್ಮ, ಇದನ್ನೂ ನನ್ನ ಚಾನಲ್ಲಿಗೆ ಏರಿಸಲೇ?" ಎಂದು ಕೇಳಿದ.

"ನನ್ನನ್ನು ಯಾಕೆ ಕೇಳುತ್ತೀಯ?" ಎಂದೆ.